ಹೆಳವನ ಹೊತ್ತಿಗೆ, ತಲಾಠಿಯ ದಫ್ತರ: ಮಲಪ್ರಭೆಯ ಸೀಮೆಯಲ್ಲಿ ಮನೆತನದ ಮೂಲ ಹುಡುಕುವ ಬಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಹೊಸಬರನ್ನು ಕಂಡಾಗ ಮೊದಲು ಕೇಳುವ ಮಾತು "ಯಾವೂರ್ರೀ ನಿಮ್ದು?" ಎಂಬುದು. ಉತ್ತರ ಬಂದ ಮೇಲೆ ಇನ್ನೊಂದು ಮಾತು ಬರುತ್ತದೆ: "ಅಲ್ಲಾ, ಮೂಲ ಯಾವೂರು?" ಈಗಿರುವ ಊರು ಬೇರೆ, ಮೂಲದ ಊರು ಬೇರೆ ಎಂಬುದನ್ನು ಈ ಸೀಮೆಯ ಜನ ಕೇಳುವ ಮೊದಲೇ ಒಪ್ಪಿಕೊಂಡಿದ್ದಾರೆ. ಎರೆಹೊಲದ ಈ ಬಯಲಿನಲ್ಲಿ ಇಂದು ಬೇರೂರಿರುವ ಮನೆತನಗಳಲ್ಲಿ ಬಹುಪಾಲು ಒಂದಲ್ಲ ಒಂದು ಕಾಲಕ್ಕೆ ಬೇರೆ ಕಡೆಯಿಂದ ಬಂದವೇ. ಬರಕ್ಕೆ ಹೆದರಿ ಬಂದವರು, ದಂಡಿನ ಜೊತೆ ಬಂದವರು, ವ್ಯಾಪಾರಕ್ಕೆ ಬಂದವರು, ಮಗಳ ಮನೆಗೆಂದು ಬಂದು ಉಳಿದವರು ಎಲ್ಲರೂ ಇಲ್ಲಿದ್ದಾರೆ.

ಎರಡನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ತಲೆಮಾರು ಈಗ ಬೆಳೆದಿದೆ. ಬೆಂಗಳೂರು, ಪುಣೆ, ಅಮೆರಿಕ ಸೇರಿದ ಮಕ್ಕಳು ಅಜ್ಜನ ಹೆಸರಿನವರೆಗೆ ಬಂದು ನಿಲ್ಲುತ್ತಾರೆ. ಅವರಿಗೆ ನೆರವಾಗಲೆಂದು, ಈ ನಾಲ್ಕು ಊರುಗಳ ಸುತ್ತ ಮನೆತನದ ಚರಿತ್ರೆ ಎಲ್ಲೆಲ್ಲಿ ಉಳಿದಿದೆ, ಅದನ್ನು ಓದುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಅಡ್ಡಹೆಸರು ಹೇಳುವ ದಾರಿ

ಹುಡುಕಾಟ ಮನೆಯಿಂದಲೇ ಶುರುವಾಗುತ್ತದೆ. ಮೊದಲ ದಾಖಲೆ ನಮ್ಮ ಅಡ್ಡಹೆಸರು. ಮುನವಳ್ಳಿ, ಬೆಳವಡಿ, ಗೋಕಾಕ, ಹುಕ್ಕೇರಿ, ಯರಗಟ್ಟಿ, ತುರಮರಿ ಎಂಬ ಅಡ್ಡಹೆಸರುಗಳು ಊರಿನ ಹೆಸರುಗಳು. ಮುನವಳ್ಳಿಯಲ್ಲೇ ಇದ್ದವನನ್ನು ಯಾರೂ 'ಮುನವಳ್ಳಿ' ಎಂದು ಕರೆಯುವುದಿಲ್ಲ. ಅಲ್ಲಿ ಎಲ್ಲರೂ ಮುನವಳ್ಳಿಯವರೇ. ಊರು ಬಿಟ್ಟು ಬೈಲಹೊಂಗಲಕ್ಕೋ ಧಾರವಾಡಕ್ಕೋ ಬಂದವನಿಗೆ ಹೊಸ ಊರಿನವರು 'ಮುನವಳ್ಳಿಯವರು' ಎಂದು ಗುರುತು ಹಚ್ಚುತ್ತಾರೆ, ಮಕ್ಕಳ ಕಾಲಕ್ಕೆ ಅದು ಶಾಲೆಯ ದಾಖಲೆಗೆ ಇಳಿಯುತ್ತದೆ. ಹಾಗಾಗಿ ಊರಿನ ಅಡ್ಡಹೆಸರು ಎಂದರೆ ಬಿಟ್ಟುಬಂದ ಊರಿನ ಹೆಸರು. ಆದರೆ ಅದು ಕೊನೆಯ ಸಲ ಬಿಟ್ಟ ಊರು ಮಾತ್ರ. ಮುನವಳ್ಳಿಗೆ ಅವರು ಎಲ್ಲಿಂದ ಬಂದಿದ್ದರು ಎಂಬುದನ್ನು ಅದು ಹೇಳುವುದಿಲ್ಲ.

ಪಾಟೀಲ, ದೇಸಾಯಿ, ನಾಡಗೌಡ, ದೇಶಪಾಂಡೆ, ಕುಲಕರ್ಣಿ, ತಳವಾರ, ವಾಲೀಕಾರ ಇವು ವತನದ ಹೆಸರುಗಳು. ಒಂದು ಕಾಲಕ್ಕೆ ಊರಿನ ಅಥವಾ ಪರಗಣೆಯ ಕೆಲಸವನ್ನು ವಂಶಪಾರಂಪರ್ಯವಾಗಿ ಮಾಡಿ, ಅದಕ್ಕಾಗಿ ಜಮೀನು ಉಂಡ ಮನೆತನಗಳು ಇವು. ಇಂಥವರ ದಾಖಲೆ ಸರಕಾರದಲ್ಲಿ ಹೆಚ್ಚು ಸಿಗುತ್ತದೆ. ಸನದಿ ಎಂಬ ಹೆಸರು ಚಾಕರಿಗಾಗಿ ಸನದು ಪಡೆದು ಭೂಮಿ ಉಂಡವರದು. ಸಂಗೊಳ್ಳಿ ರಾಯಣ್ಣ ಅಂಥ ಶೇತಸನದಿ ಮನೆತನದವನು. ಬಡಿಗೇರ, ಕಮ್ಮಾರ, ಪತ್ತಾರ, ಕುಂಬಾರ, ಗಾಣಿಗೇರ, ಹೂಗಾರ ಇವು ಕಸುಬಿನ ಹೆಸರುಗಳು. ಹೊಸಮನಿ, ಹಳೇಮನಿ, ಮೇಲಿನಮನಿ, ದೊಡ್ಡಮನಿ ಎಂಬವು ಅಣ್ಣತಮ್ಮಂದಿರ ವಾಟ್ನಿ ಆದದ್ದರ ಕುರುಹು. ಒಬ್ಬರು ಹಳೆಯ ಮನೆಯಲ್ಲಿ ಉಳಿದರು, ಇನ್ನೊಬ್ಬರು ಹೊಸ ಮನೆ ಕಟ್ಟಿದರು. ಮುಂದೆ ಒಂದೇ ರಕ್ತದ ಎರಡು ಕವಲಿಗೆ ಎರಡು ಅಡ್ಡಹೆಸರು ಬಂದವು. ಅಡ್ಡಹೆಸರು ಬೇರೆಯಾದ ಮಾತ್ರಕ್ಕೆ ಮನೆತನ ಬೇರೆ ಎನ್ನುವಂತಿಲ್ಲ. ಹುಡುಕುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಮನೆದೇವರು ತೋರುವ ದಿಕ್ಕು

ಹೆಸರು ಬದಲಾದರೂ ಮನೆದೇವರು ಸುಲಭಕ್ಕೆ ಬದಲಾಗುವುದಿಲ್ಲ. ಊರು ಬಿಟ್ಟವರು ಹೊಲ ಬಿಟ್ಟರು, ಮನೆ ಬಿಟ್ಟರು, ದೇವರಿಗೆ ನಡೆದುಕೊಳ್ಳುವುದನ್ನು ಮಾತ್ರ ಬಿಡಲಿಲ್ಲ. ಮಗುವಿನ ಜವಳ, ಮದುವೆಯಾದ ಹೊಸತರಲ್ಲಿ ದಂಪತಿಗಳ ದರ್ಶನ, ವರ್ಷದ ಜಾತ್ರೆ ಇವೆಲ್ಲ ಹಳೆಯ ಊರಿನ ದಿಕ್ಕಿಗೆ ಕರೆದೊಯ್ಯುತ್ತವೆ. ರಾಮದುರ್ಗ ತಾಲ್ಲೂಕಿನ ಗೊಡಚಿಯ ವೀರಭದ್ರ, ಶಿರಸಂಗಿಯ ಕಾಳಿಕಾದೇವಿ, ಸೊಗಲದ ಸೋಮೇಶ್ವರ ಈ ಸೀಮೆಯ ಅನೇಕ ಮನೆಗಳ ದೇವರು. ಶಿರಸಂಗಿಯ ಕಾಳಿಕೆಗೆ ವಿಶ್ವಕರ್ಮರು ದೂರದೂರದಿಂದ ನಡೆದುಕೊಳ್ಳುತ್ತಾರೆ.

ಸವದತ್ತಿಯ ಯಲ್ಲಮ್ಮನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಆ ಗುಡ್ಡಕ್ಕೆ ಕರ್ನಾಟಕ, ಮಹಾರಾಷ್ಟ್ರ, ಆಂಧ್ರಗಳಿಂದ ಎಲ್ಲ ಜಾತಿಯ ಜನ ಬರುತ್ತಾರೆ. ಯಲ್ಲಮ್ಮ ಮನೆದೇವಿ ಎಂದ ಕೂಡಲೇ ಮೂಲ ಸವದತ್ತಿ ಎಂದು ತೀರ್ಮಾನಿಸಿದರೆ ತಪ್ಪಾದೀತು. ಚಿಕ್ಕ ಊರಿನ ಚಿಕ್ಕ ದೇವರೇ ಒಳ್ಳೆಯ ಸಾಕ್ಷಿ. ಹತ್ತು ಹರದಾರಿ ಆಚೆಗಿನ, ಯಾರೂ ಹೆಸರು ಕೇಳದ ಒಂದು ಹನುಮಪ್ಪನಿಗೋ ದ್ಯಾಮವ್ವನಿಗೋ ನಿಮ್ಮ ಮನೆಯವರು ತಲೆಮಾರುಗಳಿಂದ ಎಣ್ಣೆ ಕಳಿಸುತ್ತಿದ್ದರೆ, ಆ ಊರಿಗೆ ಹೋಗಿ ವಿಚಾರಿಸಿ. ಮದುವೆಯ ಹೊತ್ತಿಗೆ ಹಿರಿಯರು ಕೇಳುವ ಬೆಡಗು ಅಥವಾ ಗೋತ್ರವನ್ನೂ ಬರೆದಿಟ್ಟುಕೊಳ್ಳಿ. ಮುಂದೆ ಬರುವ ಹೆಳವನು ಅದನ್ನೇ ಮೊದಲು ಕೇಳುತ್ತಾನೆ.

ಹೆಳವರು

ಬೇರೆ ನಾಡಿನವರು ಮೂಲ ಹುಡುಕಲು ಏನನ್ನು ಹಿಡಿಯುತ್ತಾರೆ ಎಂಬುದನ್ನು ಮೊದಲು ನೋಡೋಣ. ಜರ್ಮನ್ ಮಾತಾಡುವ ರೈತರ ಒಂದು ದೊಡ್ಡ ಸಮೂಹ 18ನೆಯ ಶತಮಾನದಲ್ಲಿ ರಷ್ಯಾದ ರಾಣಿ ಕ್ಯಾಥರೀನಳ ಆಹ್ವಾನದ ಮೇಲೆ ವೋಲ್ಗಾ ನದಿಯ ದಂಡೆಗೆ ಹೋಗಿ ನೆಲೆಸಿತು. ನೂರು ವರ್ಷ ಕಳೆದ ಮೇಲೆ, 1870ರ ದಶಕದಲ್ಲಿ, ಕೊಟ್ಟಿದ್ದ ಸವಲತ್ತುಗಳನ್ನು ಅಲ್ಲಿಯ ಸರಕಾರ ಕಿತ್ತುಕೊಂಡಾಗ ಅವರಲ್ಲಿ ಅನೇಕರು ಹಡಗು ಹತ್ತಿ ಅಮೆರಿಕದ ಹುಲ್ಲುಗಾವಲಿನ ಬಯಲಿಗೆ ಬಂದರು. ಕಾನ್ಸಸ್, ನೆಬ್ರಾಸ್ಕಗಳಲ್ಲಿರುವ ಅವರ ಮರಿಮಕ್ಕಳು ಇಂದು ಮೂಲ ಹುಡುಕುವಾಗ ಹಿಡಿಯುವುದು ಚರ್ಚಿನ ದೀಕ್ಷಾಸ್ನಾನದ ಪುಸ್ತಕವನ್ನು, ಹಡಗಿನ ಪ್ರಯಾಣಿಕರ ಪಟ್ಟಿಯನ್ನು.

ನಮ್ಮ ಹಳ್ಳಿಯ ಗುಡಿಗಳಲ್ಲಿ ಹುಟ್ಟು ಸಾವಿನ ಪುಸ್ತಕ ಇಡುವ ಪದ್ಧತಿ ಇರಲಿಲ್ಲ. ಎತ್ತಿನ ಬಂಡಿಯಲ್ಲಿ ಊರು ದಾಟುವ ಕುಟುಂಬದ ಹೆಸರನ್ನು ಬರೆದುಕೊಳ್ಳುವವರೂ ಇರಲಿಲ್ಲ. ಆದರೆ ಆ ಕೆಲಸಕ್ಕೆಂದೇ ಒಂದು ಸಮುದಾಯ ನಮ್ಮಲ್ಲಿ ಬೆಳೆದುಬಂದಿತ್ತು. ಅವರೇ ಹೆಳವರು.

ಹೆಳವ ಎಂದರೆ ಕುಂಟ, ಕಾಲಿಲ್ಲದವ. ಕಾಲಿಲ್ಲದ ಒಬ್ಬ ಮೂಲಪುರುಷನಿಗೆ ಎತ್ತು ಕೊಟ್ಟು, ಒಕ್ಕಲು ಮನೆತನಗಳ ಹೆಸರು ಹೇಳಿ ಬದುಕು ಎಂದು ಹರಸಿದರೆಂಬುದು ಅವರ ಹುಟ್ಟಿನ ಕಥೆಯ ತಿರುಳು. ಹಿಂದೆ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬರುತ್ತಿದ್ದರು. ಸುಗ್ಗಿ ಮುಗಿದು ಕಣದ ರಾಶಿ ಮನೆ ಸೇರಿದ ಮೇಲೆ ಅವರ ತಿರುಗಾಟ. ಆಂಧ್ರ, ತೆಲಂಗಾಣಗಳಲ್ಲಿ ಇದೇ ಕೆಲಸ ಮಾಡುವವರನ್ನು ಪಿಚ್ಚಿಗುಂಟಲವರು ಎನ್ನುತ್ತಾರೆ.

ಹೆಳವರು ಸಿಕ್ಕ ಸಿಕ್ಕ ಊರಿಗೆ ಹೋಗುವುದಿಲ್ಲ. ಇಂಥ ಹಳ್ಳಿಗಳು, ಇಂಥ ಮನೆತನಗಳು ಇಂಥ ಹೆಳವರಿಗೆ ಎಂದು ಹಂಚಿಕೆಯಾಗಿದೆ. ತಂದೆಯಿಂದ ಮಗನಿಗೆ ಆ ಹಕ್ಕು ಇಳಿಯುತ್ತದೆ. ಕೆಲವು ವರ್ಷಗಳಿಗೊಮ್ಮೆ ಬಂದು ಮನೆಯ ಮುಂದೆ ನಿಂತು, ಬಟ್ಟೆಯಲ್ಲಿ ಸುತ್ತಿದ ಹೊತ್ತಿಗೆ ಬಿಚ್ಚಿ, ಮೂಲಪುರುಷನಿಂದ ಹಿಡಿದು ಈಗಿನ ಮಕ್ಕಳವರೆಗೆ ಓದುತ್ತಾರೆ. ಯಾವ ಊರಿನಿಂದ ಹೊರಟಿರಿ, ಏಕೆ ಹೊರಟಿರಿ, ನಡುವೆ ಎಲ್ಲಿ ತಂಗಿದಿರಿ, ಎಷ್ಟು ಜನ ಅಣ್ಣತಮ್ಮಂದಿರು, ಯಾರು ಯಾವ ಊರಿಗೆ ಒಡೆದು ಹೋದರು, ನಿಮ್ಮ ಬೆಡಗು ಯಾವುದು, ಮನೆದೇವರು ಯಾರು ಎಂಬುದೆಲ್ಲ ಅದರಲ್ಲಿರುತ್ತದೆ. ಹಿಂದಿನ ಸಲ ಬಂದಾಗ ಹುಟ್ಟಿರದ ಮಕ್ಕಳ ಹೆಸರನ್ನು ಕೇಳಿ ಬರೆದುಕೊಳ್ಳುತ್ತಾರೆ. ಮನೆಯವರು ಜೋಳ, ಬಟ್ಟೆ, ಹಣ ಕೊಡುತ್ತಾರೆ. ಅನುಕೂಲವಿದ್ದವರು ಹಿಂದೆ ಆಕಳು ಎತ್ತುಗಳನ್ನೇ ಕೊಡುತ್ತಿದ್ದರು, ಹಾಗೆ ಕೊಟ್ಟ ದಾನವೂ ಹೊತ್ತಿಗೆಯಲ್ಲಿ ದಾಖಲಾಗುತ್ತಿತ್ತು. ಹಳೆಯ ಕಾಲದ ತಾಳೆಗರಿ, ತಾಮ್ರದ ಹಾಳೆಗಳ ಜಾಗದಲ್ಲಿ ಈಗ ಕಾಗದದ ದಪ್ಪ ಪುಸ್ತಕಗಳಿವೆ.

ಕೇಳಿದವರಿಗೆ ಮೈ ಜುಮ್ಮೆನ್ನುವ ಗಳಿಗೆ ಅದು. ಮುತ್ಯಾನ ಮುತ್ಯಾನ ಹೆಸರು ಅಪರಿಚಿತನೊಬ್ಬನ ಬಾಯಲ್ಲಿ ಬಂದಾಗ ಮನೆಯ ಹಿರಿಯರು ಕಣ್ಣೊರೆಸಿಕೊಳ್ಳುತ್ತಾರೆ. ಇದನ್ನು ಭಿಕ್ಷೆ ಎಂದು ಕರೆಯುವುದು ಅನ್ಯಾಯ. ಇದು ಊರೂರು ತಿರುಗುವ ದಫ್ತರ. ಕೊಡುವ ಜೋಳ ಅದನ್ನು ಕಾಪಾಡಿದ್ದಕ್ಕೆ ಸಲ್ಲುವ ಸಂಬಳ.

ಹೆಳವರು ಹೇಳಿದ್ದನ್ನೆಲ್ಲ ಒಂದೇ ತೂಕದಲ್ಲಿ ಇಡಬಾರದು ಎಂಬುದೂ ನಿಜ. ಅವರ ಕಥನಕ್ಕೆ ಮೂರು ಪದರಗಳಿವೆ. ಶಿವಪಾರ್ವತಿಯರಿಂದಲೋ ಕಲ್ಯಾಣದಿಂದಲೋ ಆರಂಭವಾಗುವ ಮೊದಲ ಭಾಗ ಪುರಾಣ. ಅದು ಸಮುದಾಯದ ಹೆಮ್ಮೆ, ನಮ್ಮ ಮನೆತನದ ದಾಖಲೆಯಲ್ಲ. ವಲಸೆಯನ್ನು ಹೇಳುವ ನಡುವಿನ ಭಾಗದಲ್ಲಿ ಊರಿನ ಹೆಸರುಗಳು ಬೆಲೆಯುಳ್ಳವು, ಕಾಲ ಮಾತ್ರ ಅಂದಾಜಿನದು. ಕೊನೆಯ ಐದಾರು ತಲೆಮಾರು ಸಾಮಾನ್ಯವಾಗಿ ಗಟ್ಟಿ, ಅದನ್ನು ಕಾಗದಪತ್ರಗಳ ಜೊತೆ ಇಟ್ಟು ನೋಡಬಹುದು. ಒಂದು ತಲೆಮಾರಿಗೆ 25ರಿಂದ 30 ವರ್ಷ ಹಿಡಿದರೆ, ಗಟ್ಟಿಯಾದ ಭಾಗ ಸುಮಾರು 150 ವರ್ಷಗಳ ಹಿಂದಕ್ಕೆ ಹೋಗುತ್ತದೆ. ಸರಕಾರದ ಕಾಗದವೂ ಈ ಸೀಮೆಯಲ್ಲಿ ಸರಿಯಾಗಿ ಶುರುವಾಗುವುದು ಅಲ್ಲಿಂದಲೇ. ಬಾಯಿಯ ದಾಖಲೆ, ಕೈಯ ದಾಖಲೆ ಎರಡೂ ಅಲ್ಲಿ ಒಂದನ್ನೊಂದು ಮುಟ್ಟುತ್ತವೆ.

ತಾಲ್ಲೂಕಿನ ಹೆಸರೇ ಬೇರೆ ಇತ್ತು

ಕಾಗದಪತ್ರ ಹುಡುಕಲು ಹೊರಟವರು ಮೊದಲು ತಿಳಿಯಬೇಕಾದದ್ದು ಹಳೆಯ ಆಡಳಿತದ ಗಡಿಗಳನ್ನು. ಬ್ರಿಟಿಷರ ಕಾಲದ ದಾಖಲೆಗಳಲ್ಲಿ ಬೈಲಹೊಂಗಲ ತಾಲ್ಲೂಕು ಎಂದು ಹುಡುಕಿದರೆ ಸಿಗುವುದಿಲ್ಲ. ಆಗ ಅದು ಸಂಪಗಾಂವ ತಾಲ್ಲೂಕು, ಕಿತ್ತೂರೂ ಅದರೊಳಗೇ ಇತ್ತು. ಸವದತ್ತಿಯ ಭಾಗಕ್ಕೆ ಪರಸಗಡ ತಾಲ್ಲೂಕು ಎಂದು ಹೆಸರು. ಬೆಳಗಾವಿ ಪ್ರತ್ಯೇಕ ಜಿಲ್ಲೆಯಾದದ್ದು 1836ರಲ್ಲಿ. ಅದಕ್ಕೂ ಹಿಂದಿನ ಬ್ರಿಟಿಷ್ ಕಾಗದಗಳು ಧಾರವಾಡದ ಹೆಸರಿನಲ್ಲಿವೆ. 1818ಕ್ಕಿಂತ ಹಿಂದಿನದು ಪೇಶ್ವೆಯರ ಕಾಲ. ಆ ದಫ್ತರ ಪುಣೆಯಲ್ಲಿದೆ.

ರಾಮದುರ್ಗದ್ದು ಬೇರೆಯೇ ಕಥೆ. ಅದು 1948ರ ಮಾರ್ಚ್‌ವರೆಗೆ ಸ್ವಂತ ಸಂಸ್ಥಾನ. ಈಗ ಅದೇ ತಾಲ್ಲೂಕಿನಲ್ಲಿರುವ ತೊರಗಲ್ಲು ಆಗ ಕೊಲ್ಹಾಪುರದ ಅಧೀನದ ಜಹಗೀರು. ಅಕ್ಕಪಕ್ಕದ ಎರಡು ಹಳ್ಳಿಗಳ ಹಳೆಯ ಕಾಗದ ಬೇರೆ ಬೇರೆ ದರಬಾರುಗಳ ಪಾಲಾಗಿರುವ ಪ್ರದೇಶವಿದು. ಮುಂದೆ ಈ ಸೀಮೆಯೆಲ್ಲ ಮುಂಬಯಿ ಪ್ರಾಂತದಲ್ಲಿತ್ತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹೀಗಾಗಿ ಒಂದೇ ಮನೆತನದ ಕಾಗದ ಬೆಳಗಾವಿ, ಧಾರವಾಡ, ಪುಣೆ, ಮುಂಬಯಿ, ಕೊಲ್ಹಾಪುರಗಳಲ್ಲಿ ಹಂಚಿಹೋಗಿರಬಹುದು.

ಉತಾರ, ಡೈರಿ, ವತನದ ಕಡತ

19ನೆಯ ಶತಮಾನದ ನಡುಭಾಗದಲ್ಲಿ ಮುಂಬಯಿ ಸರಕಾರ ಈ ಸೀಮೆಯ ಹೊಲಗಳನ್ನು ಅಳೆದು, ಪ್ರತಿ ಹೊಲಕ್ಕೂ ಸರ್ವೆ ನಂಬರು ಕೊಟ್ಟು, ಕಂದಾಯ ಕಟ್ಟುವವನ ಹೆಸರು ಬರೆಯಿತು. ಒಕ್ಕಲಿಗ ಮನೆತನಗಳ ಹೆಸರು ಕ್ರಮವಾಗಿ ಕಾಗದಕ್ಕೆ ಇಳಿದದ್ದು ಆಗಲೇ. 1903ರಲ್ಲಿ ಮುಂಬಯಿ ಪ್ರಾಂತದಲ್ಲಿ ಹಕ್ಕುದಾಖಲೆಯ ಕಾಯಿದೆ ಬಂದ ಮೇಲೆ ವಾರಸಾ, ವಾಟ್ನಿ, ಖರೀದಿ ಎಲ್ಲವೂ ನೋಂದಣಿಯಾಗತೊಡಗಿದವು.

ಹುಡುಕುವ ಕ್ರಮ ಸರಳ. ಇಂದಿನ ಉತಾರ, ಅಂದರೆ ಹೊಲದ ಪಹಣಿ, ಹಿಡಿದು ಹಿಂದಕ್ಕೆ ನಡೆಯಬೇಕು. ಉತಾರದಲ್ಲಿ ಹಕ್ಕು ಬದಲಾವಣೆಯ ನಂಬರು ಇರುತ್ತದೆ. ಆ ನಂಬರಿನ ಡೈರಿಯ ನಕಲು ತೆಗೆಸಿದರೆ ಯಾರು ತೀರಿಕೊಂಡರು, ವಾರಸುದಾರರು ಯಾರು, ಅವರಿಗೆ ವಯಸ್ಸೆಷ್ಟು ಎಂಬುದು ಸಿಗುತ್ತದೆ. ಅದರಲ್ಲಿ ಹಿಂದಿನ ಡೈರಿಯ ನಂಬರು ಇರುತ್ತದೆ. ಹೀಗೆ ಒಂದೊಂದೇ ಮೆಟ್ಟಿಲು ಇಳಿದರೆ ಅಜ್ಜ, ಮುತ್ತಜ್ಜರವರೆಗೆ ತಲುಪಬಹುದು. 2000ದ ಇಸವಿಯ ಹೊತ್ತಿಗೆ ಬಂದ 'ಭೂಮಿ' ಯೋಜನೆಯ ನಂತರದ ಉತಾರಗಳು ಕಂಪ್ಯೂಟರಿನಲ್ಲಿವೆ. ಅದಕ್ಕೂ ಹಿಂದಿನ ಕೈಬರಹದವಕ್ಕೆ ತಹಶೀಲ್ದಾರರ ಕಚೇರಿಯ ದಾಖಲೆ ಕೋಣೆಗೆ ಅರ್ಜಿ ಹಾಕಬೇಕು. ತಾಳ್ಮೆ ಬೇಕಾದ ಕೆಲಸ. ಆದರೆ ಧೂಳು ಹಿಡಿದ ಆ ಕಟ್ಟಿನಲ್ಲಿ ಮುತ್ತಜ್ಜನ ಹೆಬ್ಬೆಟ್ಟಿನ ಗುರುತು ಕಂಡರೆ ದಣಿವೆಲ್ಲ ಇಳಿಯುತ್ತದೆ.

ವತನದಾರರಿಗೆ ಇನ್ನೂ ಹಳೆಯ ದಾಖಲೆ ಉಂಟು. ದಕ್ಷಿಣ ಮರಾಠಾ ಸೀಮೆಯಲ್ಲಿ 1843ರಲ್ಲಿ ಶುರುವಾಗಿ 1852ರ ಕಾಯಿದೆಯಿಂದ ಬಲಗೊಂಡ ಇನಾಮು ಆಯೋಗ, ಇನಾಮು ಭೂಮಿ ಉಣ್ಣುತ್ತಿದ್ದವರೆಲ್ಲರಿಂದ ಪುರಾವೆ ಕೇಳಿತು. ಸನದು ತೋರಿಸಿ, ವಂಶಾವಳಿ ಬರೆದುಕೊಡಿ, ಇಲ್ಲದಿದ್ದರೆ ಭೂಮಿ ಬಿಡಿ ಎಂಬ ಒತ್ತಾಯ. ಎಷ್ಟೋ ಮನೆತನಗಳ ಪಾಲಿಗೆ ಅದು ಸಂಕಟದ ಕಾಲ. ಆ ಸಂಕಟದಲ್ಲಿ ಬರೆದುಕೊಟ್ಟ ವಂಶಾವಳಿಗಳೇ ಇಂದು ನಮ್ಮ ಕೈಗೆ ಸಿಗುವ ಆಸ್ತಿ. 1874ರ ವತನ ಕಾಯಿದೆ, ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ರದ್ದುಪಡಿಸಿದ 1950ರ ಕಾಯಿದೆ, ಗ್ರಾಮ ವತನಗಳನ್ನು ತೆಗೆದ 1961ರ ಕಾಯಿದೆ ಇವುಗಳ ಕಡತಗಳಲ್ಲೂ ವಾರಸುದಾರರ ಹೆಸರುಗಳಿವೆ.

ಹೊಲವೂ ಇಲ್ಲದ, ವತನವೂ ಇಲ್ಲದ ಮನೆತನಗಳು ಇಂಥ ಕಡತಗಳಲ್ಲಿ ಕಾಣುವುದಿಲ್ಲ. ಬೇರೆಯವರ ಹೊಲವನ್ನು ಕೋರಿಗೆ ಮಾಡುತ್ತ ತಲೆಮಾರು ಕಳೆದ ಎಷ್ಟೋ ಕುಟುಂಬಗಳ ಹೆಸರು ಸರಕಾರದ ಕಾಗದದ ಮೇಲೆ ಗಟ್ಟಿಯಾಗಿ ಬಂದದ್ದು 1974ರ ಭೂಸುಧಾರಣೆಯ ಕಾಲದಲ್ಲಿ, ಗೇಣಿದಾರರು ತುಂಬಿದ ನಮೂನೆ 7ರಲ್ಲಿ. ಅಂಥವರಿಗೆ ಅದಕ್ಕೂ ಹಿಂದಿನ ಆಸರೆ ಕನ್ನಡ ಶಾಲೆಯ ದಾಖಲಾತಿ ಪುಸ್ತಕ. ಹಳೆಯ ಶಾಲೆಗಳಲ್ಲಿ ಈ ಪುಸ್ತಕಗಳು ಬಲು ಹಿಂದಿನವೂ ಉಳಿದಿವೆ. ಹುಡುಗನ ಹೆಸರು, ತಂದೆಯ ಹೆಸರು, ಜಾತಿ, ಕಸುಬು, ಹುಟ್ಟಿದ ತಾರೀಖು ಎಲ್ಲ ಅವುಗಳಲ್ಲಿವೆ. ತಾರೀಖನ್ನು ಮಾತ್ರ ನಂಬಬೇಡಿ. ಶಾಲೆಗೆ ಸೇರಿಸಿದ ದಿನ ಮಾಸ್ತರರು ಅಂದಾಜಿನ ಮೇಲೆ ಬರೆದುಕೊಂಡದ್ದೇ ಹೆಚ್ಚು.

ಬಿನ್, ಕೋಂ, ಫಸಲಿ: ಓದುವಾಗ ಬೇಕಾದ ಕೀಲಿ

ಹಳೆಯ ಕಾಗದ ಕೈಗೆ ಬಂದರೂ ಓದುವುದು ಸುಲಭವಲ್ಲ. ಪೇಶ್ವೆಯರ ಕಾಲದ ಹೆಚ್ಚಿನ ಪತ್ರಗಳು ಮೋಡಿ ಲಿಪಿಯಲ್ಲಿವೆ. ಅದನ್ನು ಓದಬಲ್ಲವರು ಈಗ ವಿರಳ. ಕನ್ನಡದಲ್ಲಿ ಬರೆದ ಕಾಗದದಲ್ಲೂ 'ಬಿನ್' ಎಂದರೆ ಮಗ, 'ಕೋಂ' ಎಂದರೆ ಹೆಂಡತಿ ಎಂದು ತಿಳಿದಿರಬೇಕು. ಇಸವಿಗಳು ಹಲವು ಬಗೆ. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ, ನಮ್ಮ ಕಡೆಯ ಫಸಲಿಗೆ 590 ಕೂಡಿಸಬೇಕು, ಮರಾಠಿ ಕಾಗದಗಳ ಸುಹೂರ್ ಸನ್ನಿಗೆ 599. ಬರೀ ಸಂವತ್ಸರದ ಹೆಸರಿದ್ದರೆ ಅದು 60 ವರ್ಷಕ್ಕೊಮ್ಮೆ ಮರಳುತ್ತದೆ, ಬೇರೆ ಆಧಾರ ಬೇಕು.

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿ ಇನ್ನೊಂದು ತೊಡಕು. ಬಸಪ್ಪ ಬಿನ್ ರುದ್ರಪ್ಪ, ರುದ್ರಪ್ಪ ಬಿನ್ ಬಸಪ್ಪ, ಮತ್ತೆ ಬಸಪ್ಪ ಬಿನ್ ರುದ್ರಪ್ಪ. ಯಾವ ಬಸಪ್ಪ? ಸರ್ವೆ ನಂಬರು, ಇಸವಿ, ಅಣ್ಣತಮ್ಮಂದಿರ ಹೆಸರು ಈ ಮೂರನ್ನೂ ಜೊತೆಗೆ ಬರೆದುಕೊಳ್ಳದಿದ್ದರೆ 60 ವರ್ಷ ಸುಮ್ಮನೆ ಕಳೆದುಹೋಗುತ್ತದೆ.

ದತ್ತಕ ಎಂಬ ಗಂಟು

ವಂಶಾವಳಿಯಲ್ಲಿ ಅತಿ ಬಿಗಿಯಾದ ಗಂಟು ದತ್ತಕದ್ದು. ದತ್ತುಹೋದವನಿಗೆ ಹುಟ್ಟಿದ ಮನೆಯ ಹೆಸರು ಹೋಗಿ ಸೇರಿದ ಮನೆಯ ಹೆಸರು ಬರುತ್ತದೆ. ಹುಡುಕುವವನಿಗೆ ಅಲ್ಲಿ ದಾರಿ ಎರಡಾಗುತ್ತದೆ. ಈ ಸೀಮೆಯ ಚರಿತ್ರೆಯಂತೂ ದತ್ತಕದ ಪ್ರಶ್ನೆಯ ಮೇಲೆಯೇ ಹೊರಳಿದೆ.

ಕಿತ್ತೂರಿನ ದೇಸಾಯರೇ ವಲಸೆ ಬಂದವರು. ಮಲೆನಾಡಿನ ಸಾಗರದ ಕಡೆಯ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರು 16ನೆಯ ಶತಮಾನದ ಕೊನೆಗೆ ಬಿಜಾಪುರದ ಆದಿಲಶಾಹಿ ದಂಡಿನೊಡನೆ ಬಂದು ಸಂಪಗಾಂವದಲ್ಲಿ ನೆಲೆಸಿದರೆಂಬುದು ಮನೆತನದ ಪರಂಪರೆ. ಅವರ ಪೀಳಿಗೆಯ ಅಲ್ಲಪ್ಪಗೌಡ ಸರದೇಸಾಯಿ ರಾಜಧಾನಿಯನ್ನು ಕಿತ್ತೂರಿಗೆ ತಂದನು. 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದ ಶಿವಲಿಂಗರುದ್ರಸರ್ಜ ತೀರಿಕೊಳ್ಳುವ ಮುನ್ನ ಮಾಸ್ತಮರಡಿಯ ಗೌಡರ ಮನೆಯ ಹುಡುಗನನ್ನು ದತ್ತು ತೆಗೆದುಕೊಂಡನು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಬಿದ್ದನು. ಡಿಸೆಂಬರಿನಲ್ಲಿ ಕಿತ್ತೂರು ಬಿದ್ದಿತು. ರಾಣಿ ಚನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರ ಫೆಬ್ರವರಿ 2ರಂದು ತೀರಿಕೊಂಡಳು. 'ಈ ಹುಡುಗ ಈ ಮನೆಯ ಮಗ ಹೌದೋ ಅಲ್ಲವೋ' ಎಂಬ ಪ್ರಶ್ನೆಗೆ ಒಂದು ನಾಡೇ ಬೆಲೆ ತೆತ್ತಿತು.

ರಾಮದುರ್ಗ, ನರಗುಂದಗಳ ಭಾವೆ ಮನೆತನವೂ ಹೊರಗಿನಿಂದ ಬಂದದ್ದೇ, ಅವರು ಕೊಂಕಣಸ್ಥರು. ಒಂದೇ ಮನೆತನ ಎರಡು ಸಂಸ್ಥಾನವಾಗಿ ಒಡೆಯಿತು. ನರಗುಂದದ ಬಾಬಾಸಾಹೇಬನಿಗೆ ದತ್ತು ತೆಗೆದುಕೊಳ್ಳಲು ಕಂಪನಿ ಸರಕಾರ ಅನುಮತಿ ಕೊಡಲಿಲ್ಲ. 1858ರ ಮೇ 29ರ ರಾತ್ರಿ ಈಗಿನ ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೊಲೆಯಾದನು. ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ನರಗುಂದ ಹೋಯಿತು, ರಾಮದುರ್ಗ ಉಳಿಯಿತು.

ಮೂರನೆಯದು ಶಿರಸಂಗಿ. ಶಿಗ್ಲಿಯಲ್ಲಿ 1861ರಲ್ಲಿ ಹುಟ್ಟಿ ದತ್ತಕನಾಗಿ ಶಿರಸಂಗಿ ದೇಸಗತಿಗೆ ಬಂದ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರಿನದು. ಆ ಹಣದಿಂದ ಓದಿದವರೆಲ್ಲ ಒಂದು ಅರ್ಥದಲ್ಲಿ ಅವರ ವಾರಸುದಾರರೇ.

ಸವದತ್ತಿಯ ಕಲ್ಲು ಹೇಳುವ ವಂಶ

ವಂಶವನ್ನು ಬರೆದಿಡುವ ಆಸೆ ಈ ಸೀಮೆಗೆ ಹೊಸದಲ್ಲ. ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ, ರಟ್ಟರ ರಾಜಧಾನಿ. ಅಲ್ಲಿಯ 980ರ ಶಾಸನ ಪೃಥ್ವೀರಾಮ, ಅವನ ಮಗ ಪಿಟ್ಟುಗ, ಅವನ ಮಗ ಶಾಂತಿವರ್ಮ ಎಂದು ಪೀಳಿಗೆ ಹೇಳುತ್ತದೆ. ಅರಸನ ವಂಶ ಕಲ್ಲಿನಲ್ಲಿ ಉಳಿಯಿತು, ಒಕ್ಕಲಿಗನದು ಹೆಳವನ ಹೊತ್ತಿಗೆಯಲ್ಲಿ. ನಮ್ಮ ಮನೆತನದ ಹೆಸರು ಶಾಸನದಲ್ಲಿ ಸಿಗದಿದ್ದರೂ ನಮ್ಮ ಊರಿನ ಹೆಸರು ಸಿಗುವ ಸಾಧ್ಯತೆ ಉಂಟು. ಊರಿನ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಪೂಜಿಸುವ ಮನೆತನ ಯಾವುದು ಎಂದು ವಿಚಾರಿಸುವುದೂ ಉಪಯುಕ್ತ.

ದೀಪವಿಲ್ಲದ ಊರು, ನೀರೊಳಗಿನ ಊರು

ಹೆಳವ ಹೇಳಿದ ಮೂಲ ಊರನ್ನು ನಕ್ಷೆಯಲ್ಲಿ ಹುಡುಕಿದರೆ ಸಿಗದೇ ಹೋಗಬಹುದು. ಜನ ಬಿಟ್ಟುಹೋದ ಊರಿಗೆ ಕಂದಾಯದ ಭಾಷೆಯಲ್ಲಿ 'ಬೇಚರಾಕ್' ಎನ್ನುತ್ತಾರೆ. ಮೂಲದ ಪಾರಸಿ ಮಾತಿಗೆ ದೀಪವಿಲ್ಲದ್ದು ಎಂದು ಅರ್ಥ. ಜನರ ಬಾಯಲ್ಲಿ ಅದು ಹಾಳೂರು. 1791–92ರ ಡೋಗಿ ಬರ, 1876–78ರ ದೊಡ್ಡ ಬರ, 19ನೆಯ ಶತಮಾನದ ಕೊನೆಗೆ ಬಂದ ಪ್ಲೇಗು, 1918ರ ಇನ್‌ಫ್ಲುಯೆಂಜಾ ಇವು ಉತ್ತರ ಕರ್ನಾಟಕದ ಊರುಗಳ ದೀಪ ಆರಿಸಿದ ಕಾಲಗಳು. ಊರು ಹೋದರೂ ಅದರ ಹೆಸರು ಕಂದಾಯ ದಾಖಲೆಯಲ್ಲಿ ಉಳಿಯುತ್ತದೆ. ಹೊಲಗಳ ನಡುವೆ ಒಂಟಿಯಾಗಿ ನಿಂತ ಹನುಮಪ್ಪನ ಗುಡಿ ಎಷ್ಟೋ ಸಲ ಅಂಥ ಊರಿನ ಗುರುತು.

ಇನ್ನು ಕೆಲವು ಊರುಗಳು ನೀರಿನೊಳಗಿವೆ. ಸವದತ್ತಿಯ ಬಳಿ ನವಿಲುತೀರ್ಥದ ಕಣಿವೆಯಲ್ಲಿ ಮಲಪ್ರಭೆಗೆ ಅಡ್ಡಲಾಗಿ ಕಟ್ಟಿದ ಆಣೆಕಟ್ಟು 1972ರ ಹೊತ್ತಿಗೆ ಮುಗಿಯಿತು. ಸುಮಾರು 37 ಟಿಎಂಸಿ ನೀರು ಹಿಡಿಯುವ ಆ ಜಲಾಶಯಕ್ಕೆ ಈಗ ರೇಣುಕಾಸಾಗರವೆಂದು ಹೆಸರು. ಅದು ನುಂಗಿದ ಹಳ್ಳಿಗಳ ಜನ ಬೇರೆ ಕಡೆ ಮನೆ ಕಟ್ಟಿಕೊಂಡರು. ಅಂಥ ಕುಟುಂಬಗಳಿಗೆ ಭೂಸ್ವಾಧೀನದ ಕಡತವೇ ದೊಡ್ಡ ದಾಖಲೆ. ಯಾರ ಮನೆ, ಎಷ್ಟು ಅಂಕಣ, ಯಾವ ಮರ, ಎಷ್ಟು ಪರಿಹಾರ ಎಂಬುದು ಹೆಸರಿನ ಸಮೇತ ಅಂಥ ಕಡತಗಳಲ್ಲಿರುತ್ತದೆ. ಹಳೆಯ ಊರಿನಲ್ಲಿ ಹುಟ್ಟಿ ಬೆಳೆದವರು ಈಗ ಅರವತ್ತು ದಾಟಿದ್ದಾರೆ. ಕೇಳಬೇಕಾದದ್ದನ್ನು ಅವರಿಂದ ಈಗಲೇ ಕೇಳಬೇಕು.

ಹೆಣ್ಣುಮಕ್ಕಳ ಹೆಸರು ಎಲ್ಲಿ?

ಹೆಳವನ ಹೊತ್ತಿಗೆಯಲ್ಲಿ ಗಂಡಸರ ಹೆಸರು ಸಾಲಾಗಿವೆ. ಹೆಣ್ಣುಮಕ್ಕಳು ಮದುವೆಯಾಗಿ ಹೋದರೆಂದರೆ ಹೊತ್ತಿಗೆಯಿಂದಲೂ ಹೋದರು. ಉತಾರದಲ್ಲೂ ವಿಧವೆಯಾದ ಮೇಲೆಯೇ 'ಕೋಂ' ಎಂದು ಹೆಸರು ಕಾಣುವುದು ಹೆಚ್ಚು. ಇದು ದೊಡ್ಡ ಕೊರತೆ. ಅರ್ಧ ಮನೆತನವನ್ನು ಬಿಟ್ಟು ಬರೆದ ಚರಿತ್ರೆಯನ್ನು ಪೂರ್ತಿ ಎನ್ನಲಾಗದು.

ತುಂಬಿಸುವ ದಾರಿ ಹೆಂಗಸರ ಬಾಯಲ್ಲೇ ಇದೆ. ಗಂಡನ ಹೆಸರು ಹೇಳಲು ಕಟ್ಟುವ ಒಡಪು, ಬೀಸುವಾಗ ತವರನ್ನು ನೆನೆದು ಹಾಡಿದ ಹಾಡು, ಕುಬಸದ ಆಯೇರಿ ಯಾರ ಮನೆಯಿಂದ ಬಂತೆಂಬ ನೆನಪು, ಹಳೆಯ ಮದುವೆಯ ಕಾಗದ ಇವುಗಳಲ್ಲಿ ಊರು ಮತ್ತು ಹೆಸರು ಎರಡೂ ಇರುತ್ತವೆ. ಅಜ್ಜಿಯ ತವರು ಯಾವುದು, ಅವಳ ತಾಯಿಯ ತವರು ಯಾವುದು ಎಂದು ಕೇಳುತ್ತ ಹೋದರೆ ತಾಯಿಯ ಕಡೆಯ ಮೂರು ನಾಲ್ಕು ತಲೆಮಾರು ಒಂದೇ ಸಂಜೆಯಲ್ಲಿ ಸಿಕ್ಕೀತು.

ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಮನೆಗಳಲ್ಲಿ ವಂಶ ತಾಯಿಯಿಂದಲೇ ಇಳಿದಿದೆ. ಅವರ ಮಕ್ಕಳು ಶಾಲೆಯಲ್ಲಿ, ಕಚೇರಿಯಲ್ಲಿ 'ತಂದೆಯ ಹೆಸರು' ಎಂಬ ಖಾನೆಯ ಮುಂದೆ ಅವಮಾನ ಉಂಡಿದ್ದಾರೆ. ಮುಂಬಯಿ ಪ್ರಾಂತದ 1934ರ ಕಾಯಿದೆ, ಕರ್ನಾಟಕದ 1982ರ ಕಾಯಿದೆ ದೇವದಾಸಿಯರಾಗಿ ಬಿಡುವ ಈ ಅನಿಷ್ಟ ಪದ್ಧತಿಯನ್ನು ನಿಷೇಧಿಸಿದವು. ಅಂಥ ಮನೆಯ ವಂಶವೃಕ್ಷ ಬರೆಯುವಾಗ ತಾಯಿಯ ಹೆಸರನ್ನು ಮೇಲೆ ಬರೆಯಿರಿ. ಅದರಲ್ಲಿ ಮುಚ್ಚಿಡುವುದು ಏನೂ ಇಲ್ಲ.

ಹೆಳವ ಬಂದಾಗ

ಕಂದಾಯ ಇಲಾಖೆ ಕೊಡುವ ವಂಶವೃಕ್ಷದ ಪ್ರಮಾಣಪತ್ರ ವಾರಸಾ ಕೆಲಸಕ್ಕೆ ಸಾಕು. ಅದು ಎರಡು ಮೂರು ತಲೆಮಾರು ದಾಟುವುದಿಲ್ಲ. ಮನೆತನದ ಚರಿತ್ರೆ ಬೇಕಾದವರು ಉತಾರವನ್ನೂ ಹೆಳವನನ್ನೂ ಒಟ್ಟಿಗೆ ಕೂರಿಸಬೇಕು. ಕಾಗದ ಇಂದಲ್ಲ ನಾಳೆ ಸಿಕ್ಕೀತು. ಹೆಳವರ ಮಕ್ಕಳು ಈಗ ಶಾಲೆ ಓದಿ ಬೇರೆ ಕೆಲಸ ಹಿಡಿಯುತ್ತಿದ್ದಾರೆ, ಅದು ಅವರ ಹಕ್ಕು. ಆದರೆ ಓದಿ ಹೇಳುವವರಿಲ್ಲದ ಹೊತ್ತಿಗೆ ಅಟ್ಟದ ಮೇಲೆ ಗೆದ್ದಲಿನ ಪಾಲಾಗುತ್ತದೆ.

ಊರಲ್ಲಿರುವ ಅಣ್ಣತಮ್ಮಂದಿರಿಗೆ ಇಂದೇ ಫೋನ್ ಮಾಡಿ, ನಮ್ಮ ಮನೆತನದ ಹೆಳವರು ಯಾವ ಊರಿನವರು, ಕಳೆದ ಸಲ ಯಾವಾಗ ಬಂದಿದ್ದರು ಎಂದು ಕೇಳಿ. ಅವರು ಬಂದ ದಿನ ರಜೆ ಹಾಕಿಯಾದರೂ ಊರಿಗೆ ಹೋಗಿ. ಅಂಗಳದಲ್ಲಿ ಕಂಬಳಿ ಹಾಸಿ ಕೂರಿಸಿ, ಓದಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಅವರು ಒಪ್ಪಿದರೆ ಹಾಳೆಗಳ ಚಿತ್ರ ತೆಗೆಯಿರಿ, ಒಪ್ಪದಿದ್ದರೆ ಒತ್ತಾಯಿಸಬೇಡಿ. ಕೊಡಬೇಕಾದದ್ದನ್ನು ಕೈತುಂಬ ಕೊಡಿ. ಹೊಸ ಮಕ್ಕಳ ಹೆಸರು ಬರೆಸುವಾಗ ಹೆಣ್ಣುಮಕ್ಕಳ ಹೆಸರನ್ನೂ ಬರೆಸಿ.